ಕಣ್ಣು ಕಟ್ಟಿ ಒತ್ತಿಸಿದ ಸೈರನ್

“ಈಗ ಸೈರನ್ ಹಾಕ್ರಿ, ನೋಡೂಣು!” ಎಂದರು ವೈರಿಂಗ್ ಕೆಲಸದ ಚಾಚಾ, ನನ್ನದೇ ಟವೆಲ್‌ನಿಂದ ನನ್ನ ಕಣ್ಣು ಕಟ್ಟಿ. ನಾನು ಓಡಿಸುವ ದೇವದುರ್ಗದ ಆಂಬುಲೆನ್ಸ್‌ಗೆ ಹೊಸ ಸ್ವಿಚ್‌ಗಳನ್ನು ಹಾಕಿಸಲು ರಾಯಚೂರಿನ ಅವರ ಅಂಗಡಿಗೆ ಹೋಗಿದ್ದೆ. ಎಲ್ಲವೂ ಒಂದೇ ಥರ, ಒಂದೇ ಸಾಲಿನಲ್ಲಿರಲಿ, ಚೆಂದ ಕಾಣುತ್ತದೆ ಎಂದು ಹಟ ಹಿಡಿದವನೂ ನಾನೇ.

ತಡಕಾಡಿ ಒಂದನ್ನು ಒತ್ತಿದೆ. ಸೈರನ್ ಕೂಗಲಿಲ್ಲ.

“ಹಿಂದ ಪೇಷಂಟ್ ಮ್ಯಾಲಿನ ಲೈಟ್ ಆರಿಸಿದ್ರಿ! ಸಿಸ್ಟರ್ ಸೂಜಿ ಚುಚ್ಚಾಕತ್ತಿದ್ರ ಏನ್ ಗತಿ?”

ನಾನು ಟವೆಲ್ ಬಿಚ್ಚಿದೆ. ಚಾಚಾ ನಗುತ್ತಲೇ ಸೈರನ್ ಸ್ವಿಚ್ಚನ್ನು ಉಳಿದವುಗಳಿಂದ ದೂರ ಸರಿಸಿ, ಕೈಗೇ ಗುರುತು ಸಿಗುವಂಥ ದಪ್ಪ ಗುಂಡಿ ಕೂರಿಸಿದರು.

ಮೊನ್ನೆ ಕಲ್ಮಲದ ಬಳಿ ಎಮ್ಮೆಗಳು ಅಡ್ಡ ಬಂದವು. ರಸ್ತೆಯಿಂದ ಕಣ್ಣು ಕೀಳದೆ ಸೈರನ್ ಒತ್ತಿದೆ. ಹಿಂದೆ ಸಿಸ್ಟರ್ ಅಜ್ಜಿಯೊಬ್ಬರ ಕೈಯಲ್ಲಿ ನರ ಹುಡುಕುತ್ತಿದ್ದರು. ದೀಪ ಉರಿಯುತ್ತಲೇ ಇತ್ತು.