ಸಮುದ್ರದ ಮೇಲೊಂದು ದೂರು

ಹಳೆ ಟಿವಿ, ಹಳೆ ಫ್ರಿಜ್ಜು, ಕೆಟ್ಟುಹೋದ ವಾಷಿಂಗ್ ಮಷಿನ್ನು ಕೊಳ್ಳುತ್ತೇವೆ ಎಂದು ಕೂಗುತ್ತ ಗುಜರಿ ಲಾರಿ ಓಣಿಯೊಳಗೆ ಬಂತು. ಧ್ವನಿವರ್ಧಕದಲ್ಲಿ ರೆಕಾರ್ಡು ಮಾಡಿಟ್ಟ ಹೆಂಗಸಿನ ದನಿ. ಎಷ್ಟೋ ವರ್ಷದಿಂದ ಅದೇ ರಾಗ, ಅದೇ ಕಡೆ ಉಸಿರು ತೆಗೆದುಕೊಳ್ಳುವುದು. ಆ ಹೆಂಗಸಿಗೆ ಈಗ ಮೊಮ್ಮಕ್ಕಳಾಗಿರಬಹುದು, ದನಿಗೆ ಮಾತ್ರ ವಯಸ್ಸಾಗಿಲ್ಲ. ತಾಕ್ ನಾಮ್‌ಸುಕ್ ಕಿಟಕಿ ಮುಚ್ಚಿ, ಅನ್ನವನ್ನು ಕಡಲಪಾಚಿಯ ಸಾರಿಗೆ ಸುರಿದುಕೊಂಡು ನಿಂತೇ ತಿನ್ನತೊಡಗಿದಳು.

ಅವಳ ಗಂಡ ಗಿಲ್‌ದೋ ಬಾಯ್ಲರ್ ರಿಪೇರಿ ಮಾಡುವವನು. ನೆಲದ ಮೇಲೆ ಪೇಪರು ಹಾಸಿಕೊಂಡು ಕಾಲಿನ ಉಗುರು ಕತ್ತರಿಸುತ್ತಿದ್ದ.

"ಇವತ್ತು ಯಾರನ್ನ ಎಲ್ಲಿಗೆ ಕಳಿಸ್ತೀಯೇ?"

"ಇನ್ನೆಲ್ಲಿಗೆ. ನ್ಯೂಯಾರ್ಕು, ಆಮೇಲೆ ಕಾನ್‌ಕುನ್."

"ಹೋದ ವಾರದವರೂ ಅಲ್ಲಿಗೇ ಹೋದ್ರಲ್ಲ?"

"ಅವರ ಹಿಂದಿನವರೂ ಅಲ್ಲಿಗೇ. ಅಲ್ಲಿಯ ಮೀನುಗಳಿಗೆ ಇಷ್ಟು ಹೊತ್ತಿಗೆ ನಮ್ಮ ಜಿಂಜುವಿನ ಅರ್ಧ ಊರೇ ಪರಿಚಯ ಆಗಿರುತ್ತೆ."

"ಏನೇ ಹೇಳು, ನಮ್ಮ ಹನಿಮೂನು ಚೆನ್ನಾಗಿತ್ತು. ಗ್ಯೊಂಗ್ಜು. ಆಹಾ, ಆ ಗೋರಿಗಳು."

"ಮದುವೆಯಾದ ಮಾರನೇ ದಿನ ಸತ್ತ ರಾಜರ ದಿಬ್ಬದ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ್ರಿ. ಆವತ್ತೇ ನನಗೆ ಅರ್ಥ ಆಗ್ಬೇಕಿತ್ತು ರೀ."

ಗಿಲ್‌ದೋ ನಕ್ಕು ಇನ್ನೊಂದು ಉಗುರಿಗೆ ಕೈ ಹಾಕಿದ. ನಾಮ್‌ಸುಕ್ ಬಟ್ಟಲು ತೊಳೆದು ಕೆಲಸಕ್ಕೆ ಹೊರಟಳು.

ಅವಳ ಕಚೇರಿ ನಾಮ್‌ಗಾಂಗ್ ನದಿಯ ದಂಡೆಗೆ ಹತ್ತಿರ, ಒಂದು ನೂಡಲ್ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿತ್ತು. ಎದುರಿಗೆ ಛತ್ರ. ಶನಿವಾರ ಅಲ್ಲಿ ಮದುವೆಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಡೆಯುತ್ತಿದ್ದವು. ಒಬ್ಬಳ ಹೂವು ಬಾಡುವ ಮೊದಲೇ ಇನ್ನೊಬ್ಬಳು ಅದೇ ಮೆಟ್ಟಿಲ ಮೇಲೆ ಅದೇ ಬಾಡಿಗೆಯ ಬಿಳಿ ನಿಲುವಂಗಿ ಎತ್ತಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ನಾಮ್‌ಸುಕ್ ಈ ಮದುಮಕ್ಕಳಿಗೆಲ್ಲ ಮಧುಚಂದ್ರ ಮಾರಿಕೊಂಡು ಬಂದಿದ್ದಳು. ಅವರೆಲ್ಲ ಬಂದು ಕೂತು ಬಹಳ ಯೋಚನೆ ಮಾಡಿದವರ ಹಾಗೆ ಮುಖ ಮಾಡಿ ಕೇಳುತ್ತಿದ್ದುದು ಒಂದನ್ನೇ. ನಗರವೂ ಬೇಕು, ಸಮುದ್ರವೂ ಬೇಕು, ಪ್ರಕೃತಿಯೂ ಬೇಕು. ಊರಿನ ಬಿಬಿಂಬಾಪ್ ಅನ್ನದಂತೆ ಎಲ್ಲವನ್ನೂ ಒಂದೇ ಬಟ್ಟಲಿನಲ್ಲಿ ಕಲಸಿಕೊಡಬೇಕು, ಆದರೆ ಪಕ್ಕದ ಮೇಜಿನವರ ಬಟ್ಟಲಿಗಿಂತ ಬೇರೆಯಾಗಿ ಕಾಣಬೇಕು. "ನಮ್ಮದು ಸ್ವಲ್ಪ ಡಿಫರೆಂಟಾಗಿರಲಿ ಮೇಡಂ" ಎನ್ನದ ಜೋಡಿಯನ್ನು ಅವಳು ನೋಡೇ ಇರಲಿಲ್ಲ. ಅವಳು ಗಂಭೀರವಾಗಿ ತಲೆಯಾಡಿಸಿ, ಹಿಂದಿನ ಜೋಡಿಗೆ ತೋರಿಸಿದ ಚಿತ್ರಗಳನ್ನೇ ತಿರುಗಿಸಿ ತೋರಿಸುತ್ತಿದ್ದಳು.

ಮೆಕ್ಸಿಕೋದ ಕಡಲತೀರದ ಆ ಕಾನ್‌ಕುನ್‌ಗೆ ಅವಳೂ ಹೋಗಿಬಂದಿದ್ದಳು. ಏಜೆಂಟರನ್ನೆಲ್ಲ ಒಂದು ಬಸ್ಸಿಗೆ ತುಂಬಿ, ಹೋಟೆಲಿನಿಂದ ಹೋಟೆಲಿಗೆ ಓಡಿಸಿ, ಹಾಸಿಗೆಗಳನ್ನು ಒತ್ತಿ ನೋಡಿಸಿದ್ದರು. ಯಾವ ಹಾಸಿಗೆಯ ಮೇಲೂ ಮಲಗಲು ಬಿಡಲಿಲ್ಲ. ಸಮುದ್ರ ನೀಲಿಯಾಗಿತ್ತು ನಿಜ. ಅಷ್ಟು ನೀಲಿ ನೋಡಿ ಅವಳಿಗೆ ನೆನಪಾದದ್ದು ಪಾತ್ರೆ ತೊಳೆಯುವ ದ್ರವ.

ಗಿರಾಕಿಗಳನ್ನು ಅವಳು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಂದವರೆಲ್ಲ "ಮದುಮಗ ಸಾರ್," "ಮದುಮಗಳು ಮೇಡಂ." ಒಬ್ಬಳ ಹೆಸರಿನಿಂದ ಇನ್ನೊಬ್ಬಳನ್ನು ಕರೆದು ಫಜೀತಿಯಾಗುವ ಭಯವಿಲ್ಲ. ನಾನು ವಿಮಾನ ನಿಲ್ದಾಣದ ಬಾಗಿಲಿನವರೆಗಿನವಳು, ಆಚೆಗೆ ಅವರುಂಟು ಅವರ ಹಣೆಬರಹವುಂಟು ಎನ್ನುವುದು ಅವಳ ಲೆಕ್ಕಾಚಾರ.

ಆ ದಿನ ಮಧ್ಯಾಹ್ನ ಬಂದ ಹುಡುಗಿಯ ಹೆಸರು ಯುರಿಮ್. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಕೈಗಳನ್ನು ತೊಳೆದು ತೊಳೆದು ಬೆರಳ ತುದಿ ಸುಕ್ಕಾಗಿತ್ತು. ಜೊತೆಗೆ ಬಂದ ಜೇಬಮ್ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಕೂತ ಕೂಡಲೇ ಮೇಜಿನ ಮೇಲಿದ್ದ ಪೆನ್ನುಗಳನ್ನು ನೇರ ಸಾಲಿನಲ್ಲಿ ಜೋಡಿಸಿದ. ಈ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ನಾಮ್‌ಸುಕ್‌ಗೆ ಅನ್ನಿಸಿತು. ಆದರೆ ಕ್ಷೌರದಂಗಡಿಯಿಂದ ನೇರವಾಗಿ ಎದ್ದು ಬಂದಂಥ ಮದುಮಗರೆಲ್ಲ ಅವಳಿಗೆ ಎಲ್ಲೋ ನೋಡಿದವರೇ.

"ಮೊದಲು ನ್ಯೂಯಾರ್ಕು, ಆಮೇಲೆ ಕಾನ್‌ಕುನ್," ಎಂದ ಜೇಬಮ್. "ಬರುವಾಗ ಆ ದೊಡ್ಡ ಕಣಿವೆ. ಪ್ರಕೃತಿ."

"ನನಗೆ ಸಮುದ್ರ ಅಷ್ಟೇನೂ ಬೇಡ," ಎಂದಳು ಯುರಿಮ್. "ದೊಡ್ಡ ದೊಡ್ಡ ಮರ ಇರೋ ಕಾಡು ಇದ್ಯಂತಲ್ಲ ಮೇಡಂ ಅಲ್ಲಿ. ಅಲ್ಲಿ ಎರಡು ದಿನ ಸುಮ್ಮನೆ ಕೂತ್ಕೋಬೇಕು. ಯಾರೂ ಬಾಯಿ ತೆಗೀಬಾರದು."

"ಮರ ನೋಡೋಕೆ ಅಷ್ಟು ದೂರ ಹಾರ್ಬೇಕಾ? ಜಿರಿಸಾನ್ ಬೆಟ್ಟ ಇಲ್ಲೇ ಬಿದ್ದಿದೆ. ಭಾನುವಾರ ಕರ್ಕೊಂಡು ಹೋಗ್ತೀನಿ, ಕೂತ್ಕೋ."

ಯುರಿಮ್ ನಕ್ಕಳು. ನಾಮ್‌ಸುಕ್ ಹೋಟೆಲಿನ ಚಿತ್ರ ತೆರೆದಳು. ಜೇಬಮ್ ಬೆರಳಿಟ್ಟು ತೋರಿಸಿದ. "ಈ ಎಡಗಡೆ ರೂಮುಗಳು ಬೇಡ. ದೋಣಿಕಟ್ಟೆ ಪಕ್ಕ. ಬೆಳಕು ಹರಿಯೋ ಮುಂಚೆ ಮೋಟಾರು ಶುರು ಮಾಡ್ತಾರೆ. ಸಂಜೆ ಗಾಳಿ ಹೇಗಿರುತ್ತೆ ಅಂದ್ರೆ, ಮದುಮಗಳ ತಲೆ ಮೇಲಿನ ಪರದೆ ಹಾರಿ ಮುಖಕ್ಕೆ ಸುತ್ತಿಕೊಳ್ಳುತ್ತೆ. ಫೋಟೋ ಒಂದೂ ಸರಿಯಾಗಿ ಬರಲ್ಲ."

"ನೋಡಿ ಮೇಡಂ, ಎಷ್ಟು ಓದ್ಕೊಂಡಿದ್ದಾರೆ," ಎಂದಳು ಯುರಿಮ್ ಹೆಮ್ಮೆಯಿಂದ. "ನಮ್ಮ ಆಸ್ಪತ್ರೆಯ ಹುಡುಗೀರ ಗಂಡಂದಿರು ಈ ಮೇಜಿನ ಮುಂದೆ ಕೂತು ನಿದ್ದೆ ಮಾಡಿದ್ರಂತೆ."

ನಾಮ್‌ಸುಕ್‌ಗೆ ನೆನಪಾದದ್ದು ದೋಣಿಯ ಮೋಟಾರು. ಮೂರ್ನಾಲ್ಕು ವರ್ಷದ ಹಿಂದೆ ಒಬ್ಬ ಮದುಮಗ ಆ ದಡದಿಂದಲೇ ಫೋನು ಮಾಡಿ, "ಕೇಳಿ, ಕೇಳಿ" ಎಂದು ಫೋನನ್ನು ಕಿಟಕಿಯ ಹೊರಗೆ ಹಿಡಿದು ಆ ಸದ್ದನ್ನು ಕೇಳಿಸಿದ್ದ. ಹಿಂದೆ ಒಂದು ಹೆಣ್ಣುದನಿ, ಸಾಕು ಬನ್ನಿ ಎಂದು ಕರೆಯುತ್ತಿತ್ತು. ಊರಿಗೆ ಬಂದ ಮೇಲೂ ಕಚೇರಿಗೆ ಬಂದು, ಪೆನ್ನುಗಳನ್ನು ನೇರ ಜೋಡಿಸುತ್ತ, ಜಗಳ ಆಡಿದ್ದ. ಜೊತೆಯಲ್ಲಿ ಬಂದಿದ್ದ ಎತ್ತರದ ಹುಡುಗಿ, ಬಿಸಿಲಿಗೆ ಮೂಗಿನ ಚರ್ಮ ಸುಲಿದವಳು, ಗೋಡೆಯ ಮೇಲಿನ ಭೂಪಟ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಯುರಿಮ್‌ಗೆ ಆಸ್ಪತ್ರೆಯಿಂದ ಫೋನು ಬಂತು. ಅವಳು ಮೊಗಸಾಲೆಗೆ ಹೋದಳು. ಬಾಗಿಲು ಮುಚ್ಚಿದ್ದೇ ತಡ ಜೇಬಮ್ ಮುಂದಕ್ಕೆ ಬಾಗಿದ.

"ಮೇಡಂ, ನೆನಪಿದೆ ತಾನೇ? ಹೋದ ಸಲ ನಿಮ್ಮ ಮಾಲೀಕರು, ಮೇಂಗ್ ಸಾರ್, ಮಾತು ಕೊಟ್ಟಿದ್ರು. ಮುಂದಿನ ಸಲ ಮೂಲೆ ರೂಮು ಮಾಡಿಸಿಕೊಡ್ತೀವಿ ಅಂತ."

"ಅದು ನಿಮಗೂ ಆ ಮದುಮಗಳಿಗೂ ಕೊಟ್ಟ ಮಾತು ಸಾರ್."

"ಗಿರಾಕಿ ನಾನೇ ಅಲ್ವಾ? ದೂರು ಕೊಟ್ಟವನೂ ನಾನೇ."

ನಾಮ್‌ಸುಕ್ ಅವನ ಮುಖವನ್ನೇ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಈ ಬೀದಿಯನ್ನೇ ತುಳಿಯುತ್ತಿರಲಿಲ್ಲ. ಜಿಂಜುವಿನಲ್ಲಿ ಇನ್ನೂ ನಾಲ್ಕಾರು ಏಜೆನ್ಸಿಗಳಿದ್ದವು. ಇವನು ಎರಡನೆಯ ಹೆಣ್ಣನ್ನು ಕರೆದುಕೊಂಡು ಅದೇ ಮೆಟ್ಟಿಲು ಹತ್ತಿ, ಅದೇ ಕುರ್ಚಿಯಲ್ಲಿ ಕೂತಿದ್ದ. ಯಾಕೆಂದರೆ ಅವನಿಗೊಂದು ರೂಮು ಬಾಕಿ ಬರಬೇಕಿತ್ತು. ಮೊದಲ ಮಧುಚಂದ್ರದಲ್ಲಿ ಆದ ನಷ್ಟವನ್ನು ಎರಡನೆಯದರಲ್ಲಿ ವಸೂಲಿ ಮಾಡಿಕೊಳ್ಳಲು ಬಂದಿದ್ದ.

"ಇವರಿಗೆ ಗೊತ್ತಾ?"

"ಗೊತ್ತಾಗೋಕೆ ಏನಿದೆ? ಒಟ್ಟು ಎಂಟು ತಿಂಗಳ ಸಂಸಾರ. ನೋಂದಣಿನೂ ಆಗಿರಲಿಲ್ಲ. ಕಾಗದ ನೋಡಿ ಬೇಕಾದ್ರೆ, ನಾನು ಬ್ರಹ್ಮಚಾರಿ."

ಅದು ನಿಜವೇ. ಛತ್ರದಲ್ಲಿ ಊಟ ಹಾಕಿ, ಹಿರಿಯರಿಗೆ ಅಡ್ಡಬಿದ್ದು, ಸಾಗರ ದಾಟಿ ಫೋಟೋ ತೆಗೆಸಿಕೊಂಡು ಬಂದ ಮೇಲೂ ವಾರ್ಡು ಕಚೇರಿಗೆ ಹೋಗಿ ಮದುವೆ ನೋಂದಾಯಿಸುವುದನ್ನು ವರ್ಷಗಟ್ಟಲೆ ಮುಂದೂಡುವುದು ಈಚಿನವರ ರೂಢಿ. ಬಟ್ಟೆ ಅಂಗಡಿಯಲ್ಲಿ ಬೆಲೆಚೀಟಿ ಕೀಳದೆ ಅಂಗಿ ಹಾಕಿ ನೋಡಿದ ಹಾಗೆ. ಸರಿಹೋಗದಿದ್ದರೆ ಅವರವರ ಸೂಟ್‌ಕೇಸು ಅವರವರಿಗೆ. ಸರ್ಕಾರದ ಮಟ್ಟಿಗೆ ಏನೂ ನಡೆದಿಲ್ಲ.

"ಹೇಳ್ತೀನಿ, ಮದುವೆ ಆಗ್ಲಿ," ಎಂದ ಜೇಬಮ್. "ನಿಧಾನವಾಗಿ ಹೇಳ್ತೀನಿ. ನೀವು ರೂಮು ನೋಡಿ."

ನಾಮ್‌ಸುಕ್ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. ಮಾಲೀಕ ಮೇಂಗ್ ಅಲ್ಲಿ ಬಿಸಿನೀರಿನ ಯಂತ್ರದ ಪಕ್ಕ ನಿಂತು ನೂಡಲ್ ಕಪ್ಪಿನ ಮುಚ್ಚಳದ ಮೇಲೆ ಚಾಪ್‌ಸ್ಟಿಕ್ ಅಡ್ಡವಿಟ್ಟು ಕಾಯುತ್ತಿದ್ದ. ಅವಳು ವಿಷಯ ಹೇಳಿದಳು.

"ಓ, ಆ ದೋಣಿ ಮನುಷ್ಯ," ಎಂದ ಮೇಂಗ್. "ಕೊಟ್ಟುಬಿಡಿ ರೂಮು. ನಮ್ಮನ್ನ ನಂಬಿ ವಾಪಸ್ ಬಂದಿದ್ದಾರಲ್ಲ."

"ಆ ಹುಡುಗಿ?"

"ನಾಮ್‌ಸುಕ್ ಅವರೇ, ನಾವು ಟಿಕೆಟ್ಟು ಮಾರೋರು. ಎಲ್ಲರ ಹಳೇ ಕಥೆ ತೆಗೀತಾ ಕೂತ್ರೆ ವಿಮಾನ ಖಾಲಿ ಹಾರುತ್ತೆ." ಮೇಂಗ್ ಮುಚ್ಚಳ ಎತ್ತಿ ಆವಿಯಲ್ಲಿ ಮುಖ ಅಡಗಿಸಿಕೊಂಡ.

ಅವಳು ಅವನನ್ನು ಹೀಗಳೆಯುವಂತಿರಲಿಲ್ಲ. ಆ ಮಾತನ್ನು ಈ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಆಡಿದವಳು ಅವಳೇ. ಕಾಫಿ ಹಿಡಿದು ಮೇಜಿಗೆ ಬಂದಾಗ ಯುರಿಮ್ ಮರಳಿ ಕೂತಿದ್ದಳು. ಒಪ್ಪಂದದ ಹಾಳೆ ಅವಳ ಮುಂದಿತ್ತು. ಜೇಬಮ್ ತನ್ನ ಸಹಿ ಆಗಲೇ ಹಾಕಿ, ಪೆನ್ನನ್ನು ಅವಳ ಕಡೆಗೆ ನೇರವಾಗಿ ತಿರುಗಿಸಿ ಇಟ್ಟಿದ್ದ.

ಯುರಿಮ್ ಪೆನ್ನು ಎತ್ತಿಕೊಂಡಳು, ಸಹಿ ಮಾಡಲಿಲ್ಲ.

"ಮೇಡಂ, ನೀವು ಎಷ್ಟು ಜನರನ್ನ ನೋಡಿಲ್ಲ. ಒಂದು ಮಾತು ಕೇಳ್ತೀನಿ, ನಗಬೇಡಿ. ಕಾಡು ನೋಡ್ಬೇಕು ಅಂತ ನನಗೆ ಚಿಕ್ಕಂದಿನಿಂದ ಆಸೆ. ಆದ್ರೆ ಇವರು ಆ ಸಮುದ್ರನ ಎಷ್ಟು ಮನಸ್ಸಲ್ಲಿ ಇಟ್ಕೊಂಡಿದ್ದಾರೆ ನೋಡಿ, ಗಾಳಿ ಯಾವ ಕಡೆಯಿಂದ ಬೀಸುತ್ತೆ ಅನ್ನೋದು ಕೂಡ ಬಾಯಿಪಾಠ. ಇಷ್ಟು ಆಸೆ ಇಟ್ಕೊಂಡಿರೋರ ಮುಂದೆ ನನ್ನದನ್ನ ಬಿಟ್ಟುಕೊಡೋದು ಸರಿ ತಾನೇ?"

ಜೇಬಮ್ ಕಾಫಿ ಊದುತ್ತಿದ್ದ. ಅವನ ಮುಖದಲ್ಲಿ ನಾಚಿಕೆ ಹುಡುಕಿದರೂ ಸಿಗಲಿಲ್ಲ. ಹೊಗಳಿಕೆ ಕೇಳಿದವನ ಸಣ್ಣ ಸಂತೋಷವಿತ್ತು. ನಾಮ್‌ಸುಕ್ ಹೌದು ಎಂದರೆ ಸಾಕಿತ್ತು. ಹಾಗೆ ಅನ್ನಲು ಬಾಯಿ ತೆರೆದೂ ತೆರೆದಳು. ಯುರಿಮ್‌ಳ ಸುಕ್ಕುಗಟ್ಟಿದ ಬೆರಳು ಹಾಳೆಯ ಅಂಚನ್ನು ಹಿಡಿದುಕೊಂಡಿತ್ತು.

"ಅವರದು ಆಸೆಯಲ್ಲ, ಮದುಮಗಳು ಮೇಡಂ," ಎಂದಳು. "ಅವರಿಗೆ ಆ ಸಮುದ್ರದ ಮೇಲೆ ದೂರು ಇದೆ."

"ದೂರಾ? ನೋಡದೇ ಇರೋ ಸಮುದ್ರದ ಮೇಲೆ?"

"ನೋಡಿದ್ದಾರೆ. ಈ ಮೇಜಿನಿಂದಲೇ ಹೋಗಿದ್ರು. ಟಿಕೆಟ್ಟು ಮಾಡಿಕೊಟ್ಟವಳು ನಾನೇ."

ಜೇಬಮ್ ಕಪ್ಪು ಕೆಳಗಿಟ್ಟ. ತಟ್ಟೆಯ ಸರಿಯಾಗಿ ನಡುವಿಗೆ.

"ಕೆಲಸದ ಮೇಲಾ?" ಎಂದು ಯುರಿಮ್ ಅವನನ್ನು ಕೇಳಿದಳು. ಅವನಿಗೆ ಒಂದು ಬಾಗಿಲು ತೆರೆದುಕೊಟ್ಟ ಹಾಗಿತ್ತು ಅವಳ ದನಿ.

"ಹೂಂ, ಅಂದ್ರೆ, ಕಾರ್ಖಾನೆಯಿಂದ..."

"ಕಾರ್ಖಾನೆಯವರು ಹಾಸಿಗೆ ಮೇಲೆ ಗುಲಾಬಿ ಹಾಕಿಸಿಕೊಡ್ತಾರಾ ಸಾರ್?" ಎಂದಳು ನಾಮ್‌ಸುಕ್. "ಕಡಿಮೆ ಹಾಕಿದ್ದಾರೆ ಅಂತ ಅದಕ್ಕೂ ಫೋನು ಮಾಡಿದ್ರಿ."

ಕೆಳಗಿನ ಅಂಗಡಿಯಿಂದ ನೂಡಲ್ ಬೇಯುವ ವಾಸನೆ ಏರಿಬರುತ್ತಿತ್ತು. ಯುರಿಮ್ ಪೆನ್ನನ್ನು ಮೇಜಿನ ಮೇಲಿಟ್ಟಳು, ಸೊಟ್ಟಗೆ.

"ಯಾರ ಜೊತೆ?"

"ಮನೆಗೆ ಹೋಗೋಣ, ಹೇಳ್ತೀನಿ."

"ಇಲ್ಲೇ ಹೇಳಿ. ಇವರಿಗೆ ಗೊತ್ತಿರೋದು ನನಗೂ ಗೊತ್ತಾಗ್ಲಿ."

"ಮುಗಿದ ವಿಷಯ ಅದು. ಕಾಗದದಲ್ಲಿ ಏನೂ ಇಲ್ಲ, ತೋರಿಸ್ತೀನಿ ಬೇಕಾದ್ರೆ. ಅವಳಿಗೂ ನನಗೂ ಹೊಂದಿಕೆ ಆಗ್ಲಿಲ್ಲ, ಅಷ್ಟೇ. ಅಲ್ಲಿಗೆ ಹೋದಾಗಲೇ ಶುರುವಾಯ್ತು. ನಾನು ರೂಮು ಬದಲಾಯಿಸಿ ಅಂತ ಓಡಾಡ್ತಿದ್ರೆ ಅವಳು ನೀರಲ್ಲಿ ಆಡ್ಕೊಂಡಿದ್ಲು. ಆ ರೂಮು ಸರಿ ಇದ್ದಿದ್ರೆ..." ಅಲ್ಲಿಗೆ ನಿಲ್ಲಿಸಿದ. ತಾನು ಆಡುತ್ತಿರುವುದು ತನಗೇ ಆಗ ಕೇಳಿಸಿರಬೇಕು.

"ರೂಮು ಸರಿ ಇದ್ದಿದ್ರೆ ಅವರೇ ಇರ್ತಿದ್ರು," ಎಂದಳು ಯುರಿಮ್. ಬಹಳ ಮೆಲ್ಲಗೆ, ಹಲ್ಲು ನೋಯುವವರೊಡನೆ ಮಾತಾಡುವ ಹಾಗೆ.

"ಏನೇನೋ ಅರ್ಥ ಮಾಡ್ಕೋಬೇಡ." ಅವನು ನಾಮ್‌ಸುಕ್ ಕಡೆ ತಿರುಗಿದ. "ನಿಮ್ಮ ಮಾಲೀಕರನ್ನ ಕರೀರಿ. ಗಿರಾಕಿಗಳ ಗುಟ್ಟು ಬಯಲು ಮಾಡೋದಾ ನಿಮ್ಮ ಸರ್ವಿಸು? ಇದರ ಮೇಲೂ ದೂರು ಕೊಡ್ತೀನಿ ನಾನು."

"ಕೊಡಿ ಸಾರ್. ಅದು ನಿಮಗೆ ಚೆನ್ನಾಗಿ ಬರುತ್ತೆ."

ಮೇಂಗ್ ಬಾಯಿ ಒರೆಸಿಕೊಳ್ಳುತ್ತ ಓಡಿಬಂದು ಎರಡೂ ಕಡೆ ಬಾಗಿ ನಮಸ್ಕರಿಸಿದ. ಯುರಿಮ್ ಎದ್ದು ಕೋಟು ತೊಡಲು ನೋಡಿದಳು. ಒಂದು ತೋಳು ಸಿಗಲಿಲ್ಲ, ಕೈ ಗಾಳಿಯಲ್ಲೇ ತಡಕಾಡುತ್ತಿತ್ತು. ನಾಮ್‌ಸುಕ್ ಮೇಜು ಸುತ್ತಿ ಬಂದು ಆ ತೋಳನ್ನು ಹಿಡಿದುಕೊಟ್ಟಳು.

"ಕಾರು ತೆಗೀತೀನಿ, ಬಾ," ಎಂದ ಜೇಬಮ್.

"ಬೇಡ. ನಾನು ಬಸ್ಸಲ್ಲಿ ಹೋಗ್ತೀನಿ," ಎಂದಳು ಯುರಿಮ್. ನಾಮ್‌ಸುಕ್ ಕಡೆ ತಿರುಗಿ, "ಬಸ್ ಸ್ಟಾಪು ಯಾವ ಕಡೆ ಮೇಡಂ? ಬರುವಾಗ ನೋಡ್ಲೇ ಇಲ್ಲ," ಎಂದು ಕೇಳಿದಳು. ಕಣ್ಣು ಒಣಗಿತ್ತು, ಆದರೆ ಎದುರಿನ ಬಾಗಿಲೂ ಅವಳಿಗೆ ಕಾಣುತ್ತಿದ್ದಂತಿರಲಿಲ್ಲ.

ನಾಮ್‌ಸುಕ್ ಕುರ್ಚಿಯ ಬೆನ್ನಿನಿಂದ ತನ್ನ ಶಾಲು ತೆಗೆದುಕೊಂಡಳು, ಹುಡುಗಿಯ ಕೈಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

"ನಾಮ್‌ಸುಕ್ ಅವರೇ, ಎಲ್ಲಿಗೆ? ಕೂತ್ಕೊಳ್ಳಿ, ಮಾತಾಡಿ ಸರಿ ಮಾಡೋಣ," ಎಂದ ಮೇಂಗ್.

"ನೀವು ಮಾತಾಡ್ತಾ ಇರಿ ಸಾರ್. ಇವರನ್ನ ಬಸ್ಸು ಹತ್ತಿಸ್ಬೇಕು. ನನ್ನನ್ನ ಕೆಲಸದಿಂದ ತೆಗೆಯೋದಾದ್ರೆ ಈಗಲೇ ತೆಗ್ದುಬಿಡಿ, ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಅಂಚೆ ಕಚೇರಿಯ ಆ ಮದುಮಕ್ಕಳು ಬಂದಾಗ ಅವರನ್ನ ನಾನು ಮೊದಲು ಕೇಳೋದು ಒಂದೇ," ಎನ್ನುತ್ತ ಅವಳು ಯುರಿಮ್‌ಳ ಮೊಣಕೈ ಹಿಡಿದು ಮೆಟ್ಟಿಲು ಇಳಿಯುತ್ತ, "ನಿಮ್ಮಿಬ್ಬರಲ್ಲಿ ಯಾರು ಇಲ್ಲಿಗೆ ಈ ಮುಂಚೆ ಬಂದಿದ್ರಿ ಅಂತ," ಎಂದಳು.