ಅತ್ತೆಯನ್ನು ಹುಡುಕಲು ಹೋದ ಲೇಸರ್ ಟಾರ್ಚು

ನಮ್ಮನೆಯವರಿಗೆ ಟಾರ್ಚಿನ ಹುಚ್ಚು. ಬೇರೆ ಗಂಡಸರು ಬೈಕು, ಮೊಬೈಲು ಅಂತ ತಲೆ ಕೆಡಿಸಿಕೊಂಡರೆ ಇವರು ಕತ್ತಲಾದ ಕೂಡಲೇ ಮಹಡಿ ಹತ್ತಿ, ಬೆಳಕು ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುತ್ತ ನಿಲ್ಲುತ್ತಾರೆ. ಸೂಲಿಬೆಲೆ ಕಡೆಯ ನಮ್ಮೂರಿನಲ್ಲಿ ಬೋರ್‌ವೆಲ್ ಕೇಬಲ್ ಕದಿಯುವವರ ಕಾಟ ಜಾಸ್ತಿ. ಮನೆಯಿಂದಲೇ ಹೊಲದ ಮೋಟರ್ ಕಾಣಬೇಕು ಎಂಬ ನೆಪ ಸಿಕ್ಕಿದ್ದೇ ತಡ, ಲೇಸರ್ ಟಾರ್ಚು ತರಿಸಿಕೊಂಡರು.

ಅದರ ಒಳಗುಟ್ಟನ್ನು ಅವರು ನನಗೆ ಸಾರು ಕುದಿಯುವ ಹೊತ್ತಿನಲ್ಲೇ ವಿವರಿಸಬೇಕಿತ್ತು. ಒಳಗಿರುವ ನೀಲಿ ಲೇಸರ್ ನೇರವಾಗಿ ಹೊರಗೆ ಬರುವುದಿಲ್ಲವಂತೆ. ಫಾಸ್ಫರ್ ಎಂಬ ಹಳದಿ ಬಿಲ್ಲೆಯ ಮೇಲೆ ಬಿದ್ದು ಬಿಳಿ ಬೆಳಕಾಗುತ್ತದಂತೆ. ಸಾಸಿವೆ ಕಾಳಿಗಿಂತ ಸಣ್ಣ ಜಾಗದಿಂದ ಹೊರಡುವ ಬೆಳಕಾದ್ದರಿಂದ ಮುಂದಿನ ಲೆನ್ಸ್ ಅದನ್ನು ಚದುರಲು ಬಿಡದೆ ಕೋಲಿನಂತೆ ನೇರ ಕಳಿಸುತ್ತದಂತೆ. ಮಹಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಕೆರೆಯಾಚೆಯ ಊರಿನ ನೀರಿನ ಟ್ಯಾಂಕ್ ಮೇಲೆ ಬೆಳ್ಳಗೆ ಒಂದು ದುಂಡು ಮೂಡಿತು. ನಿಜವಾಗಿಯೂ ಬೆರಗಾಯಿತು. ಆದರೆ ಇಳಿಯುವಾಗ ಕಾಲಡಿಯ ಮೆಟ್ಟಿಲು ಕಾಣದೆ ನಾನು ಗೋಡೆ ತಡವಿದೆ. ಅಷ್ಟು ದೂರ ಹೋಗುವ ಬೆಳಕಿಗೆ ಅಕ್ಕಪಕ್ಕ ಅನ್ನುವುದೇ ಇಲ್ಲ, ಹತ್ತಿರದಲ್ಲಿ ಅದು ಅಂಗೈ ಅಗಲ ಮಾತ್ರ. ಅದನ್ನೇ ಹೇಳಿ ಗೇಲಿ ಮಾಡಿದೆ. ಅವರಿಗೆ ಸಿಟ್ಟು ಬಂತು.

ರಾಗಿ ಕೊಯ್ದು ಹೊಲದಲ್ಲೇ ಮೆದೆ ಹಾಕಿದ್ದ ಚಳಿಗಾಲ ಅದು. ಸಂಜೆಗೇ ಮಂಜು ಇಳಿಯುತ್ತಿತ್ತು. ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ನಾನು ವ್ಯಾನಿನಲ್ಲಿ ಬಂದು ಇಳಿದಾಗ ಗೇಟು ತೆರೆದಿತ್ತು. ಜಗಲಿಯಲ್ಲಿ ಅತ್ತೆಯ ಚಾಪೆ ಖಾಲಿ. ಇವರು ಮಹಡಿ ಮೇಲೆ ಟಾರ್ಚು ಹಿಡಿದು ಮೋಟರ್ ನೋಡುತ್ತಿದ್ದರು.

ಅತ್ತೆಗೆ ಮರೆವಿನ ಕಾಯಿಲೆ. ಹಗಲೆಲ್ಲ ಒಂದು ಮಟ್ಟಕ್ಕೆ ಸರಿಯಾಗಿರುತ್ತಿದ್ದರು. ಹೊತ್ತು ಇಳಿದರೆ ಮದುವೆಗೆ ಮೊದಲಿನ ಹುಡುಗಿಯಾಗಿ, ಮೇಯಲು ಹೋದ ದನ ಹೊಡೆದುಕೊಂಡು ಬರಬೇಕು ಎಂದು ಏಳುತ್ತಿದ್ದರು. ನಮ್ಮ ಮನೆಯಲ್ಲಿ ದನ ಇಲ್ಲದೆ ಎಷ್ಟೋ ವರ್ಷವಾಗಿತ್ತು. ಗೇಟಿಗೆ ಚಿಲಕ ಹಾಕಿಕೊಂಡು ನೋಡಿಕೊಳ್ಳಬೇಕಾದ ಮಗ ಮೈಲಿಯಾಚೆ ಬೆಳಕು ಬಿಡುತ್ತಿದ್ದಾಗ ಕೆಳಗೆ ತಾಯಿ ಹೊರಟುಹೋಗಿದ್ದರು. ಬಾಯಿಗೆ ಬಂದದ್ದನ್ನು ಬೈದುಬಿಟ್ಟೆ. ಇವರು ಟಾರ್ಚು ಹಿಡಿದು, ಚಪ್ಪಲಿಯನ್ನೂ ಹಾಕದೆ ಓಡಿದರು.

ನಮ್ಮ ಹೊಲದ ದಾರಿಯಲ್ಲಿ ಕಟ್ಟೆಯಿಲ್ಲದ, ಬತ್ತಿದ ಹಳೇ ಬಾವಿ ಇದೆ. ಬೋರ್‌ವೆಲ್ ಬಂದ ಮೇಲೆ ಯಾರೂ ಅದನ್ನು ಮುಚ್ಚಲಿಲ್ಲ, ಅದರ ಮಾತೂ ಎತ್ತಲಿಲ್ಲ. ನನ್ನ ಎದೆಯಲ್ಲಿ ಇದ್ದದ್ದು ಆ ಬಾವಿಯೊಂದೇ. ಪಕ್ಕದ ಮನೆಯ ದೊಡ್ಡಪ್ಪ ಬೈಕಿನಲ್ಲಿ ರಸ್ತೆ ಕಡೆ ಹೋದರು. ನಾವಿಬ್ಬರು ಹೊಲಕ್ಕೆ ಇಳಿದೆವು. ಇವರು ಮೊದಲು ಬಾವಿಗೇ ಬೆಳಕು ಬಿಟ್ಟರು. ತಳದಲ್ಲಿ ತಟ್ಟೆಯಷ್ಟು ಜಾಗ ಹಗಲಾಯಿತು. ಕೊಳೆತ ಎಲೆ, ಒಂದು ಪ್ಲಾಸ್ಟಿಕ್ ಕೊಡ. ಸುತ್ತ ಎಲ್ಲ ಕಪ್ಪು. ಆ ತಟ್ಟೆಯನ್ನು ಸರಿಸಿ ಸರಿಸಿ ಇಡೀ ತಳ ನೋಡಿದರು. ಅತ್ತೆ ಅಲ್ಲಿರಲಿಲ್ಲ. ಹಾಗಂತ ಇವರು ಹೇಳಿದರು, ನನಗೆ ನಂಬಿಕೆ ಬರಲಿಲ್ಲ.

ಆಮೇಲೆ ಇವರು ದಿಬ್ಬದ ಮೇಲೆ ನಿಂತು ಎಲ್ಲ ಕಡೆಗೂ ಬೆಳಕು ತಿರುಗಿಸತೊಡಗಿದರು. ಕೆರೆಯ ಏರಿ, ನೀಲಗಿರಿ ತೋಪು, ಆಚೆ ಊರಿನ ಟ್ಯಾಂಕು. ದೂರ ಹೋಗುವ ಟಾರ್ಚು ಕೈಯಲ್ಲಿದ್ದರೆ ಕಣ್ಣೂ ದೂರವನ್ನೇ ಹುಡುಕುತ್ತದೆ. ಕಾಲೆಳೆದುಕೊಂಡು ನಡೆಯುವ ಮುದುಕಿ ಆ ಟ್ಯಾಂಕಿನ ಹತ್ತಿರ ಹೇಗಿರಲು ಸಾಧ್ಯ ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅವರು ತಾಯಿಯನ್ನು ಕರೆಯಲು ಶುರು ಮಾಡಿದ್ದರು. ಮಗನ ಮುಖ ಗುರುತು ಸಿಗದ ದಿನವೂ ಅತ್ತೆ ಅವರ ದನಿಗೆ ತಿರುಗಿ ನೋಡುತ್ತಿದ್ದರು. ಆ ಒಂದೇ ಧೈರ್ಯದಲ್ಲಿ ಇವರು ಗಂಟಲು ಹರಿಯುವಂತೆ ಕರೆದರು.

"ಅವ್ವಾ, ನಾನು ಕಣವ್ವಾ. ಎಲ್ಲಿದ್ದೀಯ? ಒಂದ್ಸಲ ಓ ಅನ್ನವ್ವಾ."

ಪ್ರತಿ ಸಲವೂ ಅವರು ಕರೆದು ನಿಲ್ಲಿಸಿದಾಗ ನಾನು ಉಸಿರು ಹಿಡಿದು ಕೇಳುತ್ತಿದ್ದೆ. ಹೆದ್ದಾರಿಯ ಲಾರಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಮಗನ ದನಿಗೂ ಓಗೊಡುತ್ತಿಲ್ಲವೆಂದರೆ ಅತ್ತೆ ಇಲ್ಲ ಎಂದೇ ಅರ್ಥ ಎಂದುಕೊಂಡೆ. ಆ ಯೋಚನೆ ಬಂದ ಮೇಲೆ ನಿಲ್ಲಲಾಗಲಿಲ್ಲ. ಮೊಬೈಲಿನ ಬೆಳಕು ಹಿಡಿದು ಒಬ್ಬಳೇ ಮತ್ತೆ ಬಾವಿಯ ಕಡೆ ನಡೆದೆ.

ಅಲ್ಲಿ ನಿಂತು ತಿರುಗಿ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಮಂಜಿನಲ್ಲಿ ಆ ಬೆಳಕು ಬಿಳಿ ಬಿದಿರ ಗಳುವಿನಂತೆ ಹೊಲದ ಉದ್ದಕ್ಕೂ ಕಾಣುತ್ತಿತ್ತು. ಟಾರ್ಚು ಹಿಡಿದವರ ಕಣ್ಣಿಗೆ ಆ ಗಳುವೇ ಅಡ್ಡ. ಪಕ್ಕಕ್ಕೆ ಸರಿದು ನಿಂತವರಿಗೇ ತುದಿ ಸ್ಪಷ್ಟ. ಬೆಳಕು ನಮ್ಮ ರಾಗಿ ಮೆದೆಯನ್ನು ಸವರಿಕೊಂಡು ಹೋಗುವಾಗ ಬಿಳಿ ಸೆರಗೊಂದು ಮೆದೆಯ ಹಿಂದಕ್ಕೆ ಸರಿಯಿತು. ಬೆಳಕು ವಾಪಸ್ ಬಂದಾಗ ಈ ಕಡೆಗೆ ಸರಿಯಿತು.

ಬಿದ್ದು ಎದ್ದು ಓಡಿದೆ. ಅತ್ತೆ ಮೆದೆಗೆ ಒರಗಿ, ಮೊಣಕಾಲು ಮಡಿಸಿ, ಸೆರಗಿನಿಂದ ಬಾಯಿ ಒತ್ತಿ ಹಿಡಿದು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ರಟ್ಟೆ ಹಿಡಿದು ಕೆಳಗೆ ಎಳೆದರು. ನನ್ನ ಬಾಯಿಗೂ ಕೈ ಅಡ್ಡ ಇಟ್ಟರು. ಮೊಬೈಲನ್ನು ಮಣ್ಣಿಗೆ ಒತ್ತಿದರು.

"ಸುಮ್ಕಿರಮ್ಮ. ಓ ಅನ್ಬೇಡ. ಕೊಳ್ಳಿದೆವ್ವ ಅದು."

ದೂರದಲ್ಲಿ ಬೆಳಕೊಂದು ಹೊಲದ ಮೇಲೆ ತಾನೇ ತಾನಾಗಿ ಅಲೆದರೆ ಅದು ಕೊಳ್ಳಿದೆವ್ವ, ಇದ್ದಲ್ಲೇ ಕೂರಬೇಕು, ಯಾರು ಕರೆದರೂ ಓಗೊಡಬಾರದು. ಈ ಕಡೆಯ ಹಳಬರು ದನ ಕಾಯುವ ಮಕ್ಕಳಿಗೆ ಮೊದಲು ಕಲಿಸುತ್ತಿದ್ದದ್ದೇ ಅದನ್ನು. ನಮ್ಮ ಹೆಸರು ಮರೆತ ಅತ್ತೆ ಇದನ್ನು ಮರೆತಿರಲಿಲ್ಲ. ನಾವು ಹುಡುಕಿದಷ್ಟೂ ಅವರು ಅಡಗುತ್ತಿದ್ದರು.

ನಾನು ಓಡಿದ್ದನ್ನು ಕಂಡು ಇವರೂ ಮೆದೆಯ ಹತ್ತಿರಕ್ಕೆ ಓಡಿ ಬಂದರು. ಅವರ ಕರೆ ಹತ್ತಿರವಾದಷ್ಟೂ ಅತ್ತೆಯ ಉಗುರು ನನ್ನ ತೋಳಿನೊಳಗೆ ಇಳಿಯಿತು. ಅದು ನಿಮ್ಮ ಮಗನೇ ಅತ್ತೆ, ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದು ಕಿವಿಯಲ್ಲಿ ಹೇಳಿದೆ. ಅವರು ಬೇಡ ಬೇಡವೆಂದು ತಲೆಯಾಡಿಸಿದರು.

"ನನ್ ಮಗನ ದನಿ ನಂಗೊತ್ತಿಲ್ವಾ? ಅವನ ದನೀಲೇ ಕರೀತದೆ ಕಣಮ್ಮ ಅದು. ಓ ಅನ್ಬೇಕು ಅಂತ ಎಷ್ಟು ಆಸೆ ಆಯ್ತು ಗೊತ್ತಾ. ಅನ್ಲಿಲ್ಲ ನಾನು."

ಇವರು ಮೆದೆಯ ಆಚೆಗೇ ನಿಂತು ಇದನ್ನು ಕೇಳಿಸಿಕೊಂಡಿದ್ದರು. ಟಾರ್ಚು ಆರಿತು. ಮತ್ತೆ ಅವರು ಕರೆಯಲಿಲ್ಲ. ಅವರ ಉಸಿರು ಮಾತ್ರ ನನಗೆ ಕೇಳುತ್ತಿತ್ತು. ಅವರು ಅಳುವುದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಅಂದೂ ಕಾಣಲಿಲ್ಲ, ಅಷ್ಟು ಕತ್ತಲಿತ್ತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು.

ಸ್ವಲ್ಪ ಹೊತ್ತಾದ ಮೇಲೆ, ಅದು ಹೋಯಿತು ಎಂದು ನಂಬಿಸಿ ಅತ್ತೆಯನ್ನು ಎಬ್ಬಿಸಿದೆ. ನನ್ನ ಕೈ ಬಿಡದೆ ಹೆಜ್ಜೆಗೆ ಹೆಜ್ಜೆ ಇಟ್ಟು ನಡೆದರು. ಬೆಳಕಿಲ್ಲದೆ ಬದುವಿನ ಮೇಲೆ ನಡೆಸುವುದು ಕಷ್ಟವಾಯಿತು. ಇವರು ದೂರ ಬಿಟ್ಟು, ಬರಿಗಾಲಿನಲ್ಲಿ, ಸದ್ದಾಗದಂತೆ ಹಿಂದೆ ಬರುತ್ತಿದ್ದರು. ಬಾವಿ ದಾಟುವಾಗ ಯಾವುದೋ ಒಣ ಕಡ್ಡಿ ಮುರಿಯಿತು. ಅತ್ತೆ ನಿಂತುಬಿಟ್ಟರು.

"ಹಿಂದೆ ಯಾರೋ ಬತ್ತಾವ್ರೆ."

ತಿರುಗಿ ನೋಡಿದೆ. ಇವರೂ ನಿಂತಿದ್ದರು, ಕರೆದರೆ ಬರುವಷ್ಟು ಹತ್ತಿರದಲ್ಲಿ.

"ಯಾರೂ ಇಲ್ಲ ಅತ್ತೆ," ಎಂದೆ. "ನಡೀರಿ."