ಹಳದಿ ಗೆರೆಯ ಮುಂದೆ ನಿಂತ ತೊಗಾಶಿ

ತೊಗಾಶಿ ನೊರಿಮಾಸಾ ಓಡಿಸುವ ರೈಲಿಗೆ ಒಂದೇ ಬೋಗಿ. ಗಾರ್ಡ್ ಇಲ್ಲ. ಬಾಗಿಲು ತೆರೆಯುವವರು, ಟಿಕೆಟ್ ಹಣ ನೋಡಿಕೊಳ್ಳುವವರು, ಅಜ್ಜಿಯರ ಮೂಲಂಗಿ ಚೀಲ ಹತ್ತಿಸಲು ಕೈಕೊಡುವವರು ಎಲ್ಲ ಅವರೇ. ಶೋನಾಯಿ ಕರಾವಳಿಯ ಗದ್ದೆಗಳ ನಡುವೆ, ಒಂದು ಪಕ್ಕಕ್ಕೆ ಸಮುದ್ರ ಇಟ್ಟುಕೊಂಡು ಸಾಗುವ ಆ ಹಳಿಯ ಮೇಲೆ ಅವರ ಅರ್ಧ ಆಯುಷ್ಯ ಕಳೆದಿದೆ. ನಿಲ್ದಾಣ ಬಿಡುವ ಮುನ್ನ ಬಿಳಿ ಕೈಗವಸಿನ ತೋರುಬೆರಳು ಚಾಚಿ ಗಟ್ಟಿಯಾಗಿ ಹೇಳುತ್ತಾರೆ: "ಬಾಗಿಲು, ಸರಿ! ಸಿಗ್ನಲ್, ಸರಿ!" ಬೋಗಿಯಲ್ಲಿ ಒಬ್ಬರೂ ಇಲ್ಲದಿದ್ದರೂ ಹೇಳಲೇಬೇಕು. ಕಣ್ಣು ಕಂಡದ್ದನ್ನು ಬೆರಳು ತೋರಿಸಬೇಕು, ಬಾಯಿ ಹೇಳಬೇಕು, ಕಿವಿ ಕೇಳಬೇಕು. ಮೊಣಕೈ ಮಡಚುವಂತಿಲ್ಲ. ಹೊಸಬರಿಗೆ ಅವರು ಮೊದಲು ಕಲಿಸುವುದೂ ಇದನ್ನೇ.

ಈ ಚಾಳಿ ಮನೆಗೂ ಬಂದಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೊಸ್ತಿಲ ಬಳಿ ನಿಂತು ಒಂದೊಂದಾಗಿ ತೋರಿಸುತ್ತಿದ್ದರು. "ಗ್ಯಾಸ್, ಸರಿ! ಕಿಟಕಿ, ಸರಿ! ಬೂಟು, ಸರಿ!"

"ಅಪ್ಪಾ, ಇದು ಮನೆ, ರೈಲಲ್ಲ. ಎಲ್ಲೂ ಓಡಿಹೋಗಲ್ಲ, ನೀನು ಹೊರಡು," ಎಂದು ಹೆಂಡತಿ ಮುತ್ಸುಕೊ ಒಳಗಿನಿಂದ ಕೂಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವುದು ಅಪ್ಪ, ಅಮ್ಮ ಎಂದೇ. ಆ ಮಗಳು ಶಿಹೊ, ಹತ್ತು ವರ್ಷದವಳು, ಅನ್ನದ ಬಟ್ಟಲಿನಿಂದ ಕಣ್ಣೆತ್ತಿ ಅಪ್ಪನ ಬೆರಳನ್ನು ನೋಡುತ್ತಿದ್ದಳು. ಶಿಹೊ ಹುಟ್ಟಿದಾಗಿನಿಂದ ಒಂದು ಮಾತೂ ಆಡಿಲ್ಲ.

ಊರ ಹಿಂದಿನ ದಿಬ್ಬದ ಮೇಲೆ ಅಂಗವಿಕಲ ಮಕ್ಕಳ ಶಾಲೆಯಿದೆ. ಶಿಹೊ ಅಲ್ಲಿಗೆ ಶಾಲೆಯ ಬಸ್ಸಿನಲ್ಲಿ ಹೋಗುತ್ತಾಳೆ. ಬಸ್ಸು, ಔಷಧಿ, ಬದಲಿ ಬಟ್ಟೆ, ಪೋಷಕರ ಸಭೆ ಎಲ್ಲವೂ ಮುತ್ಸುಕೊ ಪಾಲಿಗೆ. ತೊಗಾಶಿ ಆ ಶಾಲೆಯೊಳಗೆ ಕಾಲಿಟ್ಟದ್ದು ಮಗಳನ್ನು ಸೇರಿಸಿದ ದಿನ ಮಾತ್ರ.

ಈ ಜೂನ್‌ನಲ್ಲಿ ಅದು ತಿರುವುಮುರುವಾಯಿತು. ಮುತ್ಸುಕೊ ಅವರ ಸೊಂಟದ ಕೀಲು ಸವೆದಿತ್ತು. ಶಸ್ತ್ರಚಿಕಿತ್ಸೆಯನ್ನು ಅವರು ಎರಡು ಸಲ ಮುಂದೂಡಿದ್ದರು, ಎರಡೂ ಸಲ ಶಿಹೊಗಾಗಿ. ಮೂರನೇ ಸಲ ಡಾಕ್ಟರ್ ಗದರಿದ ಮೇಲೆ ಆಸ್ಪತ್ರೆ ಸೇರಿದರು. ಗುರುವಾರ ಶಸ್ತ್ರಚಿಕಿತ್ಸೆ. ಹಿಂದಿನ ದಿನ ಬುಧವಾರ ಶಾಲೆಯಲ್ಲಿ ಹಸ್ತಾಂತರದ ತಾಲೀಮು. ಭೂಕಂಪವಾದರೆ ಪೋಷಕರು ಶಾಲೆಗೆ ಬಂದು, ಗುರುತು ತೋರಿಸಿ, ಮಗುವನ್ನು ಕೈಯಾರೆ ಪಡೆದುಕೊಂಡು ಹೋಗುವುದರ ಅಭ್ಯಾಸ ಅದು.

"ಬುಧವಾರ ನೀನು ಶಿಹೊನ ಕರ್ಕೊಂಡ್ ಬಂದ್ರೆ ನಾನು ಗುರುವಾರ ಆಪರೇಷನ್ ಮಾಡಿಸ್ಕೋತೀನಿ," ಎಂದರು ಮುತ್ಸುಕೊ, ಆಸ್ಪತ್ರೆಯ ಮಂಚದ ಮೇಲಿಂದ. "ಇಲ್ಲಾಂದ್ರೆ ಎದ್ದು ಮನೆಗೆ ಬರ್ತೀನಿ."

"ಬರೀ ತಾಲೀಮು ಅಮ್ಮಾ ಅದು."

"ತಾಲೀಮಲ್ಲೇ ಆಗ್ದೇ ಇದ್ದಿದ್ದು ನಿಜವಾಗಿ ನಡೆದಾಗ ಆಗುತ್ತಾ?"

ತೊಗಾಶಿ ಹೊಸ ಚಾಲಕರಿಗೆ ಹೇಳುತ್ತಿದ್ದ ಮಾತೇ ಅದು.

ಶಾಲೆ ಪೋಷಕರಿಗೆಂದು ಕೊಟ್ಟಿದ್ದ ಮಾಹಿತಿಯ ಹಾಳೆಗಳನ್ನು ಅವರು ಅಡುಗೆಮನೆಯ ಮೇಜಿನ ಮೇಲೆ ಹರಡಿ, ರೈಲ್ವೆಯ ನಿಯಮಾವಳಿ ಓದುವಂತೆ, ಕೆಂಪು ಪೆನ್ಸಿಲ್ ಹಿಡಿದು ಓದಿದರು. ಒಳಗೆ ಹಾಕಿಕೊಳ್ಳುವ ಚಪ್ಪಲಿ ನೀವೇ ತನ್ನಿ. ಹೆಸರಿನ ಚೀಟಿ ಕೊರಳಲ್ಲಿರಲಿ. ಕಾರು ತರಬೇಡಿ. ತಂದರೆ ಆಟದ ಮೈದಾನದಲ್ಲಿ ನಿಲ್ಲಿಸಿ. ಮೂರು ದಿನದ ಔಷಧಿ ಶಾಲೆಯಲ್ಲಿರಲಿ. ಮಗುವಿನ ಪ್ರತಿಯೊಂದು ವಸ್ತುವಿನ ಮೇಲೂ ಹೆಸರಿರಲಿ.

ಮರುದಿನ ಬೆಳಿಗ್ಗೆ ಬಸ್ ಕಾಯುವಾಗ ಇಗಾರಾಶಿ ಎಂಬ ತಾಯಿ ಶಿಹೊಳ ಕಾಲುಚೀಲ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅವರ ಮಗನೂ ಅದೇ ಬಸ್ಸಿನವನು.

"ಶಿಹೊ-ಚಾನ್ ಅಪ್ಪ, ಇದೇನಿದು? ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಅಂತ ಬರ್ದಿದೀರಾ?"

"ಪ್ರತಿಯೊಂದು ವಸ್ತು ಅಂದಿದ್ದಾರಲ್ಲ."

"ಹೆಸರು ಸಾಕಾಗಿತ್ತು. ಕಾಲುಚೀಲಕ್ಕೆಲ್ಲಿ ಎಡ ಬಲ? ಅವಳ ಅಮ್ಮ ನೋಡಿದ್ರೆ ನಕ್ಕು ನಕ್ಕು ಹೊಲಿಗೆ ಬಿಚ್ಚಿಹೋಗುತ್ತೆ."

"ಇನ್ನೂ ಹೊಲಿಗೆ ಹಾಕಿಲ್ಲ," ಎಂದರು ತೊಗಾಶಿ, ಗಂಭೀರವಾಗಿ.

ಕಾಲುಚೀಲದ ವಿಷಯ ಹಾಗಿರಲಿ, ಅವರನ್ನು ನಿಜವಾಗಿ ಗೊಂದಲಕ್ಕೆ ಹಾಕಿದ್ದು ಎರಡು ನಿಯಮಗಳು. ಒಂದು ಹಾಳೆ ಭೂಕಂಪವಾದ ಕೂಡಲೇ ಬನ್ನಿ ಎನ್ನುತ್ತಿತ್ತು. ಇನ್ನೊಂದು ಬರಬೇಡಿ ಎನ್ನುತ್ತಿತ್ತು. ಶಿಹೊಳ ತರಗತಿಯ ಒಗಾತಾ ಟೀಚರಿಗೆ ಫೋನ್ ಮಾಡಿದರು.

"ಭೂಕಂಪ ಆದ್ರೆ ಬನ್ನಿ. ಸುನಾಮಿ ಎಚ್ಚರಿಕೆ ಕೊಟ್ಟಿದ್ರೆ ಬರಬೇಡಿ," ಎಂದರು ಟೀಚರ್. ಇದನ್ನು ಅವರು ಬಹಳ ಜನಕ್ಕೆ ಹೇಳಿದ್ದರು.

"ಭೂಕಂಪ ಆದ್ಮೇಲೇ ತಾನೆ ಸುನಾಮಿ ಎಚ್ಚರಿಕೆ ಕೊಡೋದು. ಅಷ್ಟೊತ್ತಿಗೆ ನಾನು ಹೊರಟಾಗಿದ್ರೆ?"

"ಹತ್ತಿರದ ಎತ್ತರದ ಜಾಗಕ್ಕೆ ಹೋಗಿಬಿಡಿ."

"ಹತ್ತಿರದ ಎತ್ತರದ ಜಾಗ ಅಂದ್ರೆ ನಿಮ್ಮ ಶಾಲೇನೇ."

ಆ ಕಡೆ ಹಾಳೆ ತಿರುವಿದ ಸದ್ದಾಯಿತು. "ಹಾಗಾದ್ರೆ... ಬನ್ನಿ," ಎಂದರು ಒಗಾತಾ. "ಬರ್ಬೇಕು ಅಂತ ಬರಬೇಡಿ. ಎತ್ತರ ಅಂತ ಬನ್ನಿ."

ತೊಗಾಶಿ ಅದನ್ನು ಹಾಗೆಯೇ ಬರೆದುಕೊಂಡರು. ಎರಡು ಸಲ ಓದಿದರು. ಅರ್ಥವಾದಂತೆಯೂ ಆಯಿತು, ಆಗದಂತೆಯೂ ಆಯಿತು.

ಬುಧವಾರ ಬದಲಿ ಚಾಲಕ ಬರುವುದು ತಡವಾಯಿತು. ಸಮವಸ್ತ್ರ ಬಿಚ್ಚಲು ಹೊತ್ತಿಲ್ಲದೆ, ಟೋಪಿ, ಹಿತ್ತಾಳೆ ಗುಂಡಿಯ ಕೋಟು, ಬಿಳಿ ಕೈಗವಸುಗಳಲ್ಲೇ ಅವರು ದಿಬ್ಬ ಹತ್ತಿದರು. ಆದರೂ ಎಲ್ಲರಿಗಿಂತ ಮೊದಲೇ ತಲುಪಿದರು. ಬೂಟು ಬಿಚ್ಚಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದರು, ಹೆಸರಿನ ಚೀಟಿ ಕೊರಳಿಗೆ ಹಾಕಿಕೊಂಡರು. ಚೀಟಿ ಕೋಟಿನ ಕಾಲರಿನೊಳಗೆ ಸೇರಿಕೊಂಡದ್ದು ಅವರ ಗಮನಕ್ಕೆ ಬರಲಿಲ್ಲ. ಕೆಲಸದ ಹೊತ್ತಿನಲ್ಲಿ ಮಾಡುವಂತೆ ಫೋನ್ ಆರಿಸಿ ಜೇಬಿಗಿಟ್ಟರು.

ವ್ಯಾಯಾಮ ಶಾಲೆಗೆ ಹೋಗುವ ಕಾರಿಡಾರಿನಲ್ಲಿ ನೆಲಕ್ಕೆ ಹಳದಿ ಟೇಪ್ ಅಂಟಿಸಿದ್ದರು. ಮಾಹಿತಿಯ ಹಾಳೆಯಲ್ಲಿ ಹೀಗಿತ್ತು: ಹಳದಿ ಗೆರೆಯ ಬಳಿ ನಿಲ್ಲಿ, ಸಿಬ್ಬಂದಿಯ ಸೂಚನೆ ಬಂದ ಮೇಲೆ ಮುಂದೆ ಹೋಗಿ. ತೊಗಾಶಿ ನಿಂತರು.

ಉಪಮುಖ್ಯೋಪಾಧ್ಯಾಯರು ಕೈಮೈಕ್ ಹಿಡಿದು ಬಂದರು. ಸಮವಸ್ತ್ರ ಕಂಡು, ತಾಲೀಮು ನೋಡಲು ಅಗ್ನಿಶಾಮಕ ದಳದವರು ಬಂದಿದ್ದಾರೆಂದುಕೊಂಡು ಬಾಗಿ ವಂದಿಸಿದರು. ತೊಗಾಶಿಯೂ ಬಾಗಿದರು. ಅದು ವಂದನೆ, ಸೂಚನೆಯಲ್ಲ. ಹಾಗಾಗಿ ನಿಂತೇ ಇದ್ದರು. ಬೇರೆ ಪೋಷಕರು ಬಂದರು, ಗೆರೆಯ ಮುಂದೆ ಒಂದು ಚೂರು ನಿಧಾನಿಸಿದರು, ಆಚೀಚೆ ನೋಡಿದರು, ದಾಟಿ ಹೋದರು. ತೊಗಾಶಿ ಅವರನ್ನು ಅಚ್ಚರಿಯಿಂದ ನೋಡಿದರು. ಕೆಂಪು ಸಿಗ್ನಲ್ ದಾಟುವವರನ್ನು ಅವರು ಅದುವರೆಗೆ ಕಂಡಿರಲಿಲ್ಲ.

"ಶಿಹೊ-ಚಾನ್ ಅಪ್ಪ, ಒಳಗೆ ಬರಲ್ವಾ?" ಇಗಾರಾಶಿ ಕೇಳಿದರು.

"ಸೂಚನೆ ಬಂದಿಲ್ಲ."

"ಓಹೋ, ಇಲ್ಲಿ ನಿಮ್ಗೇ ಡ್ಯೂಟಿ ಹಾಕಿದ್ದಾರಾ? ಪಾಪ," ಎಂದು ಅವರೂ ಒಳಗೆ ಹೋದರು. ಮಗನ ಕೈ ಹಿಡಿದು ಹೊರಬರುವಾಗ "ಶ್ರಮ ಆಯ್ತು ನಿಮ್ಗೆ" ಎಂದು ಉಪಚಾರದ ಮಾತೂ ಆಡಿದರು. ಉಪಮುಖ್ಯೋಪಾಧ್ಯಾಯರು ಇನ್ನೊಮ್ಮೆ ಬಾಗಿದರು. ತೊಗಾಶಿಯೂ ಬಾಗಿದರು. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು, ಕಾರಿಡಾರ್ ಖಾಲಿಯಾಯಿತು.

ಕೊನೆಗೆ ಒಗಾತಾ ಟೀಚರ್ ಮುಖ ಬಿಳಿಚಿಕೊಂಡು ಓಡಿಬಂದವರು ಅವರನ್ನು ಕಂಡು ಗಕ್ಕನೆ ನಿಂತರು.

"ತೊಗಾಶಿ-ಸಾನ್! ಯಾವಾಗ ಬಂದ್ರಿ?"

"ಎಲ್ಲರಿಗಿಂತ ಮೊದಲು."

"ಯಾರೂ ಬಂದಿಲ್ಲ ಅಂತ ನಿಮ್ಮನೆಯವ್ರಿಗೆ ಫೋನ್ ಮಾಡ್ಬಿಟ್ಟೆ! ನಿಮ್ ಫೋನ್ ಹತ್ತಲೇ ಇಲ್ಲ. ಅವರು ಟ್ಯಾಕ್ಸಿಗೆ ಹೇಳಿದೀನಿ, ಬರ್ತೀನಿ ಅಂದ್ರು!"

ತೊಗಾಶಿ ಹಳದಿ ಗೆರೆ ನೋಡಿದರು, ಟೀಚರ ಮುಖ ನೋಡಿದರು. "ಈಗ ಮುಂದೆ ಬರಬಹುದಾ?" ಎಂದರು.

ಶಿಹೊ ವ್ಯಾಯಾಮ ಶಾಲೆಯ ಚಾಪೆಯ ಮೇಲೆ ಒಬ್ಬಳೇ ಕುಳಿತಿದ್ದಳು. ತಲೆಗೆ ಭೂಕಂಪದ ಹೊತ್ತಿಗೆಂದೇ ಮಾಡಿದ ದಪ್ಪ ಹತ್ತಿಯ ಟೊಪ್ಪಿಗೆ. ಒಗಾತಾ ಪಕ್ಕದಲ್ಲಿ ಕುಳಿತು, ನಿಯಮದಂತೆ ಕೇಳಿದರು: "ಶಿಹೊ-ಸಾನ್, ಇವರು ಯಾರು?"

ಮಾತು ಬಾರದ ಮಕ್ಕಳಿಗೆ ಬಾಯಿಂದ ಉತ್ತರ ಬೇಕಿಲ್ಲ. ಎದ್ದು ಹೋಗಿ ಮುಟ್ಟಿದರೆ ಸಾಕು, ಕೈ ಹಿಡಿದರೆ ಸಾಕು. ಶಿಹೊ ಟೋಪಿ ನೋಡಿದಳು, ಹಿತ್ತಾಳೆ ಗುಂಡಿಗಳನ್ನು ಮೇಲಿಂದ ಕೆಳಗೆ ನೋಡಿದಳು, ಗೋಡೆಯ ಕಡೆ ತಿರುಗಿಬಿಟ್ಟಳು. ತೊಗಾಶಿ ಸಮವಸ್ತ್ರ ಹಾಕುವುದೂ ಬಿಚ್ಚುವುದೂ ರೈಲ್ವೆಯ ಕೋಣೆಯಲ್ಲಿ. ಮಗಳು ಅವರನ್ನು ಈ ವೇಷದಲ್ಲಿ ಕಂಡೇ ಇರಲಿಲ್ಲ. ಟೋಪಿ ತೆಗೆದರು. ಹೆಸರು ಹಿಡಿದು ಕರೆದರು. ಶಿಹೊ ಟೊಪ್ಪಿಗೆಯ ಮೇಲಿಂದ ಎರಡೂ ಕಿವಿ ಮುಚ್ಚಿಕೊಂಡಳು.

"ಅಗ್ನಿಶಾಮಕದವರು ಅಂದ್ಕೊಂಡಿದ್ದೆ, ಕ್ಷಮಿಸಿ," ಎಂದರು ಉಪಮುಖ್ಯೋಪಾಧ್ಯಾಯರು. "ನೀವು ತಂದೆ ಅಂತ ಈಗ ನಮಗೆ ಗೊತ್ತಲ್ಲ, ಬರೀ ತಾಲೀಮು ಇದು, ಕರ್ಕೊಂಡ್..."

"ಬೇಡ," ಎಂದರು ತೊಗಾಶಿ. "ಅವಳು ಗುರುತು ಹಿಡಿಯದೆ ಕೊಡಬೇಡಿ. ನಾಳೆ ಇನ್ಯಾರೋ ಟೋಪಿ ಹಾಕ್ಕೊಂಡು ಬಂದ್ರೂ ಕೊಡ್ತೀರಾ?"

ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವ ಇಂಥ ಪೋಷಕರನ್ನು ಉಪಮುಖ್ಯೋಪಾಧ್ಯಾಯರು ಕಂಡಿರಲಿಲ್ಲ. ಮಾಹಿತಿಯ ಹಾಳೆಯಲ್ಲಿ ಇದಕ್ಕೆ ನಿಯಮವಿರಲಿಲ್ಲ.

ಟ್ಯಾಕ್ಸಿ ಹೊರಡುವ ಮೊದಲು ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿ ತಡೆಯಬೇಕೆಂದು ತೊಗಾಶಿ ಮೈದಾನದ ಕಡೆಯ ಬಾಗಿಲಿಗೆ ನಡೆದರು. ಬಾಗಿಲಲ್ಲಿ, ಚೀಲದಿಂದ ಬೂಟು ತೆಗೆದಿಟ್ಟದ್ದೇ, ಮನೆಯ ಹೊಸ್ತಿಲಲ್ಲಿ ನಿಂತಂತೆ ಕಾಲು ನಿಂತಿತು, ಕೈ ತಾನಾಗಿ ಮೇಲೆದ್ದಿತು. ಏನು ತೋರಿಸಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಗ್ಯಾಸ್ ಇಲ್ಲ. ಕಿಟಕಿ ಇತ್ತು.

"ಕಿಟಕಿ, ಸರಿ," ಎಂದರು, ಸಣ್ಣ ದನಿಯಲ್ಲಿ. ಆಮೇಲೆ ಸುಮ್ಮನಾದರು.

ಹಿಂದೆ ಚಾಪೆ ಸರಿದ ಸದ್ದಾಯಿತು. ಶಿಹೊ ಎದ್ದು ಬಂದು ಅವರಿಂದ ಒಂದು ಮಾರು ದೂರದಲ್ಲಿ ನಿಂತಳು. ಮುಖ ನೋಡಲಿಲ್ಲ. ತೋಳು ಚಾಚಿ, ಅವರ ಬೂಟನ್ನು ತೋರಿಸಿದಳು.

"ಇದು ಅಪ್ಪನ್ನ ಗುರುತು ಹಿಡಿದ ಹಾಗಾ, ಬರೀ ಬೂಟು ತೋರಿಸಿದ ಹಾಗಾ?" ಉಪಮುಖ್ಯೋಪಾಧ್ಯಾಯರು ಪಿಸುಗುಟ್ಟಿದರು.

ಒಗಾತಾ ತಲೆಯಾಡಿಸಿದರು, ಅವರಿಗೂ ತಿಳಿಯಲಿಲ್ಲ. ತೊಗಾಶಿಯನ್ನು ನೋಡಿದರು. ಅವರಿಗೂ ಇಲ್ಲ. ಕೊನೆಗೆ ಒಗಾತಾ ಮುತ್ಸುಕೊಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದು, ಕಂಡದ್ದನ್ನು ಕಂಡ ಹಾಗೆ ಹೇಳಿದರು.

"ಮೊಣಕೈ ಮಡಚಿದಾಳಾ?" ಮುತ್ಸುಕೊ ಕೇಳಿದರು.

"ಇಲ್ಲ. ನೆಟ್ಟಗಿದೆ."

"ನಾನು ಬೂಟು ಎಲ್ಲಿ ಅಂತ ಕೇಳಿದ್ರೆ ಕಾಲಲ್ಲಿ ಒದ್ದು ತೋರಿಸ್ತಾಳೆ. ಕೈ ನೆಟ್ಟಗೆ ಚಾಚೋದು ಆ ಮನುಷ್ಯನ ಎದುರಿಗೆ ಮಾತ್ರ. ಅವಳಪ್ಪನೇ. ಕೊಟ್ಬಿಡಿ ಟೀಚರ್." ಒಂದು ನಿಟ್ಟುಸಿರು ಕೇಳಿಸಿತು. "ಟ್ಯಾಕ್ಸಿ ಬೇಡ ಅಂತೀನಿ. ಈ ಸೊಂಟ ಇಟ್ಕೊಂಡು ಕಷ್ಟಪಟ್ಟು ಕಾಲುಚೀಲ ಬೇರೆ ಹಾಕ್ಕೊಂಡಿದ್ದೆ."

"ಎಡದ್ದು ಎಡಕ್ಕೇ ಹಾಕಿದೀಯಾ?" ಎಂದರು ತೊಗಾಶಿ.

"ಏನಂದೆ?"

"ಏನಿಲ್ಲ."

"ಬೂಟು, ಸರಿ," ಎಂದು ಅವರು ಗಟ್ಟಿಯಾಗಿ ಹೇಳಿದ ಮೇಲೆಯೇ ಶಿಹೊ ಕೈ ಇಳಿಸಿದ್ದು. ಆಮೇಲೆ ಅವರ ಕೈಗವಸಿನ ಒಂದು ಬೆರಳು ಹಿಡಿದುಕೊಂಡಳು. ಒಗಾತಾ ಗಡಿಯಾರ ನೋಡಿ ಹಸ್ತಾಂತರವಾಯಿತೆಂದು ಗುರುತು ಹಾಕಿಕೊಂಡರು. ಹೊರಗೆ ಹೋಗುವಾಗ ಹಳದಿ ಗೆರೆಯ ಮುಂದೆ ತೊಗಾಶಿ ಮತ್ತೆ ನಿಂತರು. ಶಿಹೊ ನಿಲ್ಲಲಿಲ್ಲ. ಬೆರಳು ಅವಳ ಕೈಯಲ್ಲಿತ್ತು, ದಾಟಬೇಕಾಯಿತು.

ಮಗಳು ಕಂಡದ್ದು ಅಪ್ಪನನ್ನೋ, ಹೇಳದೆ ಉಳಿದ ಬೂಟನ್ನೋ ಎಂದು ಯಾರಾದರೂ ಕೇಳಿದರೆ ತೊಗಾಶಿ ಇವತ್ತಿಗೂ ಗೊತ್ತಿಲ್ಲ ಎನ್ನುತ್ತಾರೆ.

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು. ಮುತ್ಸುಕೊ ದಿಂಬಿಗೊರಗಿ ಕುಳಿತಿದ್ದರು. ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಶಿಹೊ ಅಮ್ಮನ ಹತ್ತಿರ ಹೋಗಲಿಲ್ಲ. ಮಂಚದ ಕಾಲಿನ ಬಳಿ ಕುಳಿತು, ಚಕ್ರದ ಬ್ರೇಕ್ ನೋಡಿ, ತೋಳು ಚಾಚಿದಳು. ತೊಗಾಶಿ ಬಗ್ಗಿ ನೋಡಿದರು.

"ಬ್ರೇಕ್, ಸರಿ!"

ಪಕ್ಕದ ಮಂಚದ ಅಜ್ಜಿ ಬೆಚ್ಚಿ ಎದ್ದು ಕುಳಿತರು. ಮುತ್ಸುಕೊ ನಗು ತಡೆದುಕೊಂಡು, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಸರಿ ಕಣಪ್ಪಾ," ಎಂದರು. "ನಾನೆಲ್ಲೂ ಓಡಿಹೋಗಲ್ಲ."